ತೋರಿಸದೇ ಹೋದ ಕ್ಷುದ್ರಗ್ರಹ

ಭೂಮಿಯ ಹತ್ತಿರ ಹಾಯುವ ಕ್ಷುದ್ರಗ್ರಹಗಳನ್ನು ಟೆಲಿಸ್ಕೋಪಿನಲ್ಲಿ ಹುಡುಕುವುದು ನನ್ನ ಹುಚ್ಚು. ಕೂಡ್ಲಿಗಿಯಲ್ಲಿ ವಿಜ್ಞಾನದ ಮೇಷ್ಟ್ರಾದ ನನಗೆ ಆಕಾಶದ ಕಲ್ಲು ಸಿಕ್ಕಿದ್ದಕ್ಕಿಂತ ಫಜೀತಿ ಸಿಕ್ಕಿದ್ದೇ ಹೆಚ್ಚು. ಬಹುಪಾಲು ನಾನೇ ತಂದುಕೊಂಡದ್ದು.

ಸಂಡಿಗೆ

ಮೊದಲ ಸಲ ಮಾಳಿಗೆ ಮೇಲೆ ಟೆಲಿಸ್ಕೋಪ್ ನಿಲ್ಲಿಸಿದ ಸಂಜೆ ಪಕ್ಕದ ಮನೆಯಾಕೆ, "ಏನ್ ನೋಡಾಕತ್ತೀರಿ ಮೇಷ್ಟ್ರ?" ಎಂದರು. ಗುಡ್ಡದಷ್ಟು ದೊಡ್ಡ ಕಲ್ಲೊಂದು ಇವತ್ತು ಭೂಮಿಯ ಪಕ್ಕದಲ್ಲೇ ಹಾಯುತ್ತದೆ ಎಂದೆ. ಚಂದ್ರನಿಗಿಂತ ಎಷ್ಟೋ ಆಚೆ ಎಂಬ ಮಾತನ್ನು ದೊಡ್ಡಸ್ತಿಕೆಗಾಗಿ ನುಂಗಿಕೊಂಡೆ. ಆಕೆ ಗಡಬಡಿಸಿ ಒಳಗೋಡಿದರು. ಹೆದರಿಸಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಸಮಾಧಾನ ಹೇಳಲು ಅವರ ಮನೆಗೇ ಹೋದೆ.

"ಬಿದ್ರ ಬೀಳ್ಲಿ ಬಿಡ್ರಿ," ಎಂದರು. "ಸಂಡಿಗಿ ಒಳಗಿಟ್ಟೀನಿ."

ಇಲ್ಲೇ ಹತ್ರ

ಈ ಪಾಠ ಕಲಿತ ಮೇಲೆ, ಇನ್ನೊಂದು ಕಲ್ಲು ಭೂಮಿಯ ಹತ್ತಿರ ಬಂದಾಗ ಹೆಡ್‌ಮಾಸ್ಟರಿಗೆ ನಿಜವನ್ನೇ ಹೇಳಿದೆ. "ಹತ್ರ ಅಂದ್ರ ಎಷ್ಟ್ರಿ?" ಎಂದರು. ಚಂದ್ರ ಇರುವ ದೂರದ ಹತ್ತು ಪಟ್ಟು ಎಂದೆ.

"ಹಲವಾಗಲು ಊರಿಗೆ ದಾರಿ ಕೇಳಿದಾಗ ಒಬ್ಬಾತ ಇಲ್ಲೇ ಹತ್ರ ಅಂದಿದ್ದ," ಎಂದರು. "ಸಂಜಿ ತನ ನಡದೆ. ಆತ ನಿಮ್ಮ ಪೈಕಿ ಏನ್ರಿ?"

ಗೂಟ

ಇದನ್ನು ನೆನೆದರೆ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ. ಹದಿನೆಂಟು ವರ್ಷ ನನ್ನ ಹುಚ್ಚು ತಾಳಿಕೊಂಡ ಹೆಂಡತಿಗೆ ಒಂದು ಕಲ್ಲನ್ನೂ ತೋರಿಸಿರಲಿಲ್ಲ. ಕೇಳಿದಾಗಲೆಲ್ಲ "ತಡಿ, ಹೊಂದಿಸ್ತೀನಿ" ಎನ್ನುತ್ತಿದ್ದೆ. ಆಕೆ ಕಾದು ಕಾದು ಮಲಗುತ್ತಿದ್ದಳು. ಈ ಸಲ ತೋರಿಸಿಯೇ ತೀರುತ್ತೇನೆಂದು ಗುಡೇಕೋಟೆ ಕಡೆಯ ಹೊಲವೊಂದಕ್ಕೆ ಕರೆದೊಯ್ದೆ. ಹೊಲಕ್ಕೆ ಗೊಬ್ಬರವಾಗಲೆಂದು ಅಲ್ಲಿ ಕುರಿ ನಿಲ್ಲಿಸಿಕೊಂಡಿದ್ದರು. ಕಾವಲಿಗಿದ್ದ ಕುರಿಗಾರ ಅಜ್ಜ ಆಕೆಗೆ ಚಹಾ ಕಾಸಿ ಕೊಟ್ಟ.

ಏಳೂವರೆಗೇ ಕಲ್ಲು ಸಿಕ್ಕಿತು, ನಕ್ಷತ್ರಗಳ ನಡುವೆ ಒಂದು ಸಣ್ಣ ಚುಕ್ಕಿ. ಆಗಲೇ ಆಕೆಯನ್ನು ಕರೆದಿದ್ದರೆ ಮುಗಿದಿತ್ತು. ಕರೆಯಲಿಲ್ಲ. ಅದು ಎಷ್ಟು ಸರಿಯುತ್ತದೆಂದು ನಕ್ಷೆ ಬರೆದು ಆಮೇಲೆ ತೋರಿಸಬೇಕೆಂಬ ಮೇಷ್ಟ್ರ ಬುದ್ಧಿ ನನ್ನದು. ಸ್ಕೂಟರಿನ ಸೀಟಿನ ಮೇಲೆ ಹಾಳೆ ಹರಡಿ ಬರೆಯುತ್ತ ಮೈಮರೆತೆ.

ತಿರುಗಿ ಬಂದು ಕಣ್ಣಿಟ್ಟರೆ ಕಲ್ಲೊಂದೇ ಅಲ್ಲ, ಇದ್ದಬದ್ದ ನಕ್ಷತ್ರಗಳೆಲ್ಲ ಓಡುತ್ತಿದ್ದವು. ಕೆಳಗೆ ನೋಡಿದೆ. ಟೆಲಿಸ್ಕೋಪಿನ ಕಾಲಿಗೆ ಕುರಿಮರಿಯೊಂದನ್ನು ಕಟ್ಟಿಹಾಕಲಾಗಿತ್ತು. ಅತ್ತ ತಾಯಿ ಕೂಗಿದಾಗಲೆಲ್ಲ ಇತ್ತ ಮರಿ ಜಗ್ಗುತ್ತಿತ್ತು.

"ಗೂಟ ಗಟ್ಟಿ ಐತಿ ಅಂತ ಕಟ್ಟಿದೆ ಮೇಷ್ಟ್ರ," ಎಂದ ಅಜ್ಜ.

ಮರಿ ಬಿಚ್ಚಿ ಮತ್ತೆ ಹುಡುಕುವಷ್ಟರಲ್ಲಿ ಮೋಡ ಕವಿಯಿತು. "ತಪ್ಪು ನಂದೇ, ಆಗಲೇ ನಿನ್ನ ಕರೀಬೇಕಿತ್ತು," ಎಂದೆ ಹೆಂಡತಿಗೆ. ಅಷ್ಟು ಪಶ್ಚಾತ್ತಾಪ ನನಗೆ ಯಾವತ್ತೂ ಆಗಿರಲಿಲ್ಲ.

ಅಜ್ಜನಿಗೂ ಪಾಪ ಎನಿಸಿರಬೇಕು. "ಮತ್ ಯಾವಾಗ ಬರ್ತೈತ್ರಿ ಅದು?" ಎಂದ.

"ನಲವತ್ತು ವರ್ಷಕ್ಕ."

ಹೆಂಡತಿ ತಲೆ ಮೇಲೆ ಸೆರಗು ಹೊದ್ದು ಸ್ಕೂಟರ್ ಹತ್ತಿದಳು. "ಚಿಂತಿ ಮಾಡಬ್ಯಾಡಜ್ಜ," ಎಂದಳು. "ಅಷ್ಟರಾಗ ಇವರು ಹೊಂದಿಸಿರ್ತಾರ."