ನೂರೆಂಟಕ್ಕೆ ಇಳಿದ ಟೆಂಪೋ ಪೆಟ್ಟಿಗೆಯವರಿಗೆ

ಮಾನ್ಯ ಟೆಂಪೋ ಪೆಟ್ಟಿಗೆಯವರೇ,

ರೆಕಾರ್ಡಿಂಗ್ ಸಾಫ್ಟ್‌ವೇರಿನ ನೆತ್ತಿಯ ಮೇಲೆ, ಉಗುರಗಲದ ಜಾಗದಲ್ಲಿ, ಹಾಡಿನ ವೇಗ ತೋರಿಸುವ ಒಂದೇ ಒಂದು ಅಂಕಿಯನ್ನು ಧರಿಸಿ ವಿರಾಜಮಾನರಾಗಿರುವ ತಮಗೆ, ಅಡುಗೆಮನೆಯ ಪಕ್ಕದ ಉಗ್ರಾಣದ ಗೋಡೆಗಳಿಗೆ ಹಳೆಯ ಹಾಸಿಗೆ ಬಡಿದು ಅದನ್ನೇ ಸ್ಟುಡಿಯೋ ಎಂದು ಕರೆದುಕೊಳ್ಳುವ ಬಡ ಕೀಬೋರ್ಡ್ ವಾದಕನ ಅನಂತ ನಮಸ್ಕಾರಗಳು. ತಮ್ಮ ಕ್ಷೇಮಸಮಾಚಾರ ಕೇಳುವ ಅಗತ್ಯ ನನಗಿಲ್ಲ. ಏನೇ ಕೆಟ್ಟರೂ ಅದು ನಮ್ಮ ಕಡೆಯೇ ಕೆಡುತ್ತದೆ.

ವಿಷಯ ನಮ್ಮಕ್ಕನ ಮೊಣಕಾಲಿನದು. ಅಕ್ಕ ನೃತ್ಯ ಕಲಿಸುವವಳು, ಮೊಣಕಾಲಿನ ಆಪರೇಷನ್ ಆದ ಮೇಲೆ ಮೊದಲ ಸಲ ವೇದಿಕೆ ಹತ್ತುವವಳಿದ್ದಳು. ಟೀಚರ್ ಇನ್ನು ಮುಂದೆ ಕುರ್ಚಿಯಲ್ಲಿ ಕೂತೇ ಪಾಠ ಹೇಳುತ್ತಾರಂತೆ ಎಂಬ ಗುಸುಗುಸು ಶಿಷ್ಯೆಯರ ತಾಯಂದಿರಲ್ಲಿ ಆಗಲೇ ಹಬ್ಬಿ, ಕೆಲವರು ಮಕ್ಕಳನ್ನು ಬಿಡಿಸಿಕೊಂಡೂ ಹೋಗಿದ್ದರು. ಅವಳು ಸ್ಟುಡಿಯೋದ ಬಾಗಿಲು ಹಾಕಿಕೊಂಡು, "ನನ್ನ ಡ್ಯಾನ್ಸಿಗೆ ರೆಕಾರ್ಡ್ ಮಾಡಿರೋ ಹಾಡನ್ನ ಒಂಚೂರು ನಿಧಾನ ಮಾಡೋ, ಆದ್ರೆ ಕಾಲಿಗೋಸ್ಕರ ಮಾಡಿದ್ದು ಅಂತ ಯಾರಿಗೂ ಗೊತ್ತಾಗಬಾರದು" ಎಂದಳು. ಅದಕ್ಕೇನಂತೆ, ನಿಮಿಷಕ್ಕೆ ನೂರಿಪ್ಪತ್ತು ಪೆಟ್ಟು ಇದ್ದದ್ದನ್ನು ನೂರೆಂಟು ಮಾಡಿದರೆ ಆಯಿತು ಎಂದುಬಿಟ್ಟೆ. ತಮ್ಮ ಮೇಲೆ ನನಗಿದ್ದ ಭರವಸೆ ಅಂಥದ್ದು.

ತಮ್ಮ ದರಬಾರಿನ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ಡ್ರಮ್ಮು, ಕೊಳಲು, ಪಿಟೀಲುಗಳ ಮಿಡಿ ಟ್ರ್ಯಾಕುಗಳು ನಿಜವಾದ ಧ್ವನಿಗಳಲ್ಲ, ಯಾವ ಸ್ವರವನ್ನು ಯಾವಾಗ ನುಡಿಸಬೇಕೆಂಬ ಬರೀ ಸೂಚನೆಗಳಾದ್ದರಿಂದ, ತಾವು ಅಂಕಿ ಇಳಿಸಿದ ತಕ್ಷಣ ತಲೆ ತಗ್ಗಿಸಿ ನಿಧಾನವಾದವು. ಆದರೆ ಮೈಕಿನ ಮುಂದೆ ನಿಂತು ಉಸಿರು ಕಟ್ಟಿ ಹಾಡಿದ್ದ ನಮ್ಮ ಚಿಕ್ಕಮ್ಮನ ದನಿ ತಮ್ಮ ನೂರೆಂಟಕ್ಕೆ ಕ್ಯಾರೇ ಅನ್ನದೆ ಹಳೆಯ ವೇಗದಲ್ಲೇ ಓಡಿ, ಡ್ರಮ್ಮು ಇನ್ನೂ ಎರಡನೆಯ ಚರಣದಲ್ಲಿ ಏದುಸಿರು ಬಿಡುತ್ತಿರುವಾಗಲೇ ಹಾಡು ಮುಗಿಸಿ ಕೆಮ್ಮಿತು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ಚಿಕ್ಕಮ್ಮ, ತಾಳದಲ್ಲಿ ಕೂದಲೆಳೆಯಷ್ಟು ಎಡವಿದರೂ ಡ್ರಮ್ಮಿನವರನ್ನು ವೇದಿಕೆಯ ಮೇಲೇ ತಿರುಗಿ ದುರುಗುಟ್ಟುವವರು, ಬಂದು ಕೇಳಿಸಿಕೊಂಡು ಕೆಂಪಾದರು. ಇದು ಮಿಷನ್ನಿನ ತಪ್ಪು ಎಂದು ನಾನು ಗೋಗರೆದರೆ, "ತಪ್ಪು ಮಿಷನ್ನಿಂದಾದ್ರೆ ದನಿ ಯಾಕೋ ನಂದು ಕೇಳ್ತಿದೆ" ಎಂದು ನನ್ನ ಜೊತೆ ಮಾತು ಬಿಟ್ಟರು.

ಹಾಡಿದ ದನಿಯನ್ನೂ ಹಿಗ್ಗಿಸಬಲ್ಲ ಇನ್ನೊಂದು ಗುಂಡಿ ತಮ್ಮ ಬಳಗದಲ್ಲಿಯೇ ಇದೆಯೆಂದು ತಿಳಿದು ಅವರ ಕಾಲಿಗೂ ಬಿದ್ದೆ. ಅವರ ಕೃಪೆಯಿಂದ ಚಿಕ್ಕಮ್ಮ ಬಕೆಟ್ಟಿನೊಳಗೆ ಮುಖವಿಟ್ಟು ಹಾಡಿದಂತೆ ಕೇಳಿಸಿತು. ಅಕ್ಕ ಮೊದಲು ಬಿದ್ದು ಬಿದ್ದು ನಕ್ಕಳು, ಆಮೇಲೆ ಮೊಣಕಾಲು ನೀವಿಕೊಳ್ಳುತ್ತಾ ಅತ್ತಳು. ನನಗೆ ತಮ್ಮನ್ನು ಕಿತ್ತು ಬೀದಿಗೆಸೆಯುವಷ್ಟು ಸಿಟ್ಟು ಬಂತು.

ಆದರೂ ಸಭ್ಯತೆ ಬಿಡದೆ ಕೆಲವು ವಿನಂತಿಗಳನ್ನು ಮುಂದಿಡುತ್ತೇನೆ. ತಮ್ಮ ಪೆಟ್ಟಿಗೆಯಲ್ಲಿ ಅಂಕಿಗಳ ಜೊತೆಗೆ 'ಒಂಚೂರು' ಎಂಬ ಅಳತೆಯನ್ನೂ ದಯಮಾಡಿ ಸೇರಿಸಿಕೊಳ್ಳಬೇಕು. ಅಕ್ಕ ಕೂರುವಾಗಿನ ಒಂಚೂರೇ ಬೇರೆ, ಏಳುವಾಗಿನ ಒಂಚೂರೇ ಬೇರೆ ಎಂಬುದನ್ನು ತಾವಾಗಿಯೇ ಅರಿಯಬೇಕು. ಎಲ್ಲೆಲ್ಲಿ ನಿಧಾನವಾಗಬೇಕೆಂದು ಮೊದಲೇ ಗುರುತು ಹಾಕಿಡಿ ಎನ್ನುತ್ತೀರಿ, ಒಪ್ಪಿದೆ. ನೋವು ಹಾಗೆ ಮೊದಲೇ ಹೇಳಿ ಕಳಿಸುವುದಿಲ್ಲವಾದ್ದರಿಂದ, ಸಾಧ್ಯವಾದರೆ ತಾವೂ ಒಂದು ಮೊಣಕಾಲು ಹಚ್ಚಿಸಿಕೊಂಡು ನಾಲ್ಕು ದಿನ ಮೆಟ್ಟಿಲು ಹತ್ತಿಳಿಯಬೇಕಾಗಿ ಕೋರಿಕೆ.

ತಾವು ಮೊಣಕಾಲು ಹಚ್ಚಿಸಿಕೊಳ್ಳುವುದರೊಳಗೆ ಕಾರ್ಯಕ್ರಮದ ದಿನವೇ ಬಂದುಬಿಟ್ಟಿತು. ಅಕ್ಕ ಅತ್ತದ್ದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದ ಚಿಕ್ಕಮ್ಮ, "ಆ ಡಬ್ಬ ಮುಚ್ಚು, ನಾನೇ ಬಂದು ಹಾಡ್ತೀನಿ" ಎಂದು ನನ್ನನ್ನೂ ಕೀಬೋರ್ಡನ್ನೂ ಎಳೆದುಕೊಂಡು ಹೊರಟರು. ವೇದಿಕೆಯ ಪಕ್ಕದಲ್ಲಿ ಕೂತು ಅವರು ನನ್ನ ಮುಖವನ್ನಾಗಲಿ ಜನರನ್ನಾಗಲಿ ನೋಡಲಿಲ್ಲ, ಅಕ್ಕನ ಕಾಲನ್ನೇ ನೋಡಿದರು. ಕಾಲು ಬಗ್ಗುವಾಗ ಸಾಲನ್ನು ಎಳೆದರು, ಅದು ನಡುಗಿದಾಗ ಅದೇ ಸಾಲನ್ನು ಇನ್ನೊಮ್ಮೆ ಹಾಡಿ ಅವಳಿಗೆ ನಿಲ್ಲಲು ಸಮಯ ಕೊಟ್ಟರು. ಅಕ್ಕ ಕೊನೆಯವರೆಗೂ ಕುಣಿದು, ಚಪ್ಪಾಳೆಯ ನಡುವೆ ನೆಟ್ಟಗೆ ನಡೆದು ಒಳಗೆ ಬಂದಳು.

ಹೊರಗೆ ಮೆಟ್ಟಿಲ ಹತ್ತಿರ ಅದೇ ತಾಯಂದಿರು, "ಟೀಚರ್ ಏನ್ ಚೆನ್ನಾಗಿ ಮಾಡಿದ್ರು, ಪಾಪ, ಹಾಡೋರಿಗೇ ವಯಸ್ಸಾಯ್ತು, ತುಂಬ ಎಳೀತಾರೆ" ಎಂದು ನಮಗೆ ಕೇಳಿಸುವಂತೆಯೇ ಆಡಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ನನ್ನ ತೋಳು ಚಿವುಟಿ, "ಹೌದಮ್ಮ, ಈಗೀಗ ತಾಳ ಕೈಗೇ ಸಿಗಲ್ಲ" ಎಂದು ನಕ್ಕುಬಿಟ್ಟರು.

ಅಕ್ಕನಿಗೆ ಈ ಮಾತು ಹೇಗೋ ತಲುಪಿತು. ಬಾಗಿಲು ಹಾಕಿಕೊಂಡು ಗುಟ್ಟು ಹೇಳಿದ್ದವಳು ಈಗ ಇದನ್ನು ಬಹಿರಂಗ ಪತ್ರವನ್ನಾಗಿಯೇ ಬರೆಯಬೇಕೆಂದು ಪಟ್ಟು ಹಿಡಿದು ನನ್ನ ಪಕ್ಕದಲ್ಲೇ ಕೂತಿದ್ದಾಳೆ. "ನನ್ನ ಮಂಡಿ ಕೆಟ್ಟಿದೆ ಅಂತ್ಲೇ ಹಾಕು, ಎಲ್ರೂ ಓದ್ಲಿ. ಚಿಕ್ಕಮ್ಮ ತಾಳ ತಪ್ಪಲಿಲ್ಲ" ಎನ್ನುತ್ತಿದ್ದಾಳೆ. ಹಾಕಿದ್ದೇನೆ.

ಇಷ್ಟೆಲ್ಲ ಆದ ಮೇಲೂ,
ತಮ್ಮ ವಿಶ್ವಾಸಿ,
ಉಗ್ರಾಣದ ಕೀಬೋರ್ಡ್ ವಾದಕ

ಮರೆತ ಮಾತು: ಆ ಸಂಜೆ ಹೊರಡುವ ಗಡಿಬಿಡಿಯಲ್ಲಿ ತಮ್ಮನ್ನು ನಿಲ್ಲಿಸುವುದನ್ನೇ ಮರೆತಿದ್ದೆ. ಮನೆಗೆ ಬಂದು ಬಾಗಿಲು ತೆಗೆದರೆ ತಾವು ಖಾಲಿ ಕೋಣೆಗೆ ನೂರೆಂಟರ ತಾಳ ಹಾಕುತ್ತಲೇ ಇದ್ದಿರಿ, ಒಂದು ಪೆಟ್ಟೂ ತಪ್ಪಿರಲಿಲ್ಲ. ಚಿಕ್ಕಮ್ಮ ಸ್ವಲ್ಪ ಹೊತ್ತು ನಿಂತು ಕೇಳಿ, "ಪಾಪ, ಇದಕ್ಕೆ ಯಾರೂ ಇಲ್ಲ ಅನ್ಸುತ್ತೆ" ಎಂದು ಪ್ಲಗ್ ಕಿತ್ತರು.