ಸಿಪ್ಪೆಯ ನೆಪ

"ನಾಳೆ ಬಂದಾಗ ಸ್ವಲ್ಪ ಹೊತ್ತು ನಿಂತ್ಕೊಳ್ಳಿ. ನಿಮ್ಮನ್ನ ಒಂದು ಮಾತು ಕೇಳೋದಿದೆ."

ಜ್ಯೂಸಿನಂಗಡಿಯವಳು ಹೇಳಿದ್ದು ಇಷ್ಟೇ. ಹೇಳಿ, ಕಿತ್ತಳೆ ಸಿಪ್ಪೆ ತುಂಬಿದ ಚೀಲವನ್ನು ಎಂದಿನಂತೆ ಬೀಗದಣ್ಣನ ಕೈಗಿಟ್ಟು, ಮುಂದಿನ ಗಿರಾಕಿಯ ಕಡೆ ತಿರುಗಿದಳು. ಬೀಗದಣ್ಣ ಅಲ್ಲಿಂದ ಹೇಗೆ ಹೊರಟನೋ, ಯಾವ ದಾರಿ ಹಿಡಿದನೋ ಅವನಿಗೇ ಗೊತ್ತಿಲ್ಲ. ತನ್ನ ಮನೆಯನ್ನು ದಾಟಿ ಬೀದಿಯ ಕೊನೆಯವರೆಗೂ ನಡೆದು, ಎದುರಿಗೆ ಗೋಡೆ ಬಂದ ಮೇಲೆಯೇ ವಾಪಸಾದ.

ಬೀಗ ರಿಪೇರಿ ಮಾಡುವುದು, ಕೀಲಿಕೈ ಕಳೆದುಕೊಂಡವರಿಗೆ ಹೊಸದು ಮಾಡಿಕೊಡುವುದು ಅವನ ಕಸುಬು, ಮನೆಯ ಮುಂದಿನ ಕೋಣೆಯೇ ಅಂಗಡಿ. ಎಂಥ ಹಟಮಾರಿ ಬೀಗವೂ ಅವನ ಕೈಗೆ ಬಂದರೆ ಬಾಯಿ ಬಿಡುತ್ತಿತ್ತು. ಬಾಯಿ ಬಿಡಲಾಗದವನು ಅವನೊಬ್ಬನೇ. ನಲವತ್ತು ದಾಟಿಯೂ ಮದುವೆಯಾಗದೆ ಉಳಿದದ್ದಕ್ಕೆ ಬೇರೆ ಕಾರಣವೇನೂ ಇರಲಿಲ್ಲ. ಕೇಳಬೇಕಾದ ಹೊತ್ತಿನಲ್ಲಿ ಕೇಳಬೇಕಾದ ಮಾತು ಗಂಟಲಿನಿಂದ ಮೇಲೆ ಬಂದಿರಲಿಲ್ಲ, ಅಷ್ಟೇ.

ಹೋದ ಬೇಸಿಗೆಯಲ್ಲಿ ಜ್ಯೂಸಿನಂಗಡಿಯ ಷಟರ್ ಸಿಕ್ಕಿಹಾಕಿಕೊಂಡಾಗ ಅವನೇ ಹೋಗಿ ಬಿಡಿಸಿಕೊಟ್ಟಿದ್ದ. "ನೀವು ಬರದೇ ಹೋಗಿದ್ರೆ ಹಣ್ಣೆಲ್ಲ ಒಳಗೆ, ನಾನು ಬೀದೀಲಿ" ಎಂದು ಆಕೆ ನಕ್ಕಳು. ಆ ನಗುವನ್ನು ಮನೆಗೆ ತಂದುಕೊಂಡವನು ಮಾರನೆಯ ದಿನ ಕಾರಣವಿಲ್ಲದೆ ಮತ್ತೆ ಹೋಗಿ ನಿಂತ. "ಏನು ಕೊಡ್ಲಿ?" ಎಂದಳು. ಹುಳಿ ಬಾಯಿಗಿಟ್ಟರೆ ಅವನ ಹೊಟ್ಟೆ ಉರಿಯುತ್ತದೆ, ಜ್ಯೂಸು ಕುಡಿಯುವ ಹಾಗಿಲ್ಲ. ಕಣ್ಣು ಅತ್ತಿತ್ತ ಓಡಾಡಿ, ಅವಳ ಕಾಲ ಬಳಿಯ ಬುಟ್ಟಿಯ ಮೇಲೆ ನಿಂತಿತು.

"ಸಿಪ್ಪೆ" ಎಂದ.

"ಸಿಪ್ಪೇನಾ? ಏನ್ ಮಾಡ್ತೀರಿ ಅದನ್ನ?"

"ಮನೇಲಿ... ಉಪಯೋಗಕ್ಕೆ ಬರುತ್ತೆ."

ಹೀಗೆ ಶುರುವಾದದ್ದು. ಅಂದಿನಿಂದ ದಿನಾ ಸಂಜೆ ಒಂದು ಚೀಲ ಸಿಪ್ಪೆ, ದಿನಕ್ಕೊಂದು ಹೊಸ ಉಪಯೋಗ. ತಿಕ್ಕಿದರೆ ಹಿತ್ತಾಳೆಗೆ ಹೊಳಪು ಬರುತ್ತದೆ, ಶೂ ಒಳಗೆ ತುರುಕಿದರೆ ನಾತ ಹೋಗುತ್ತದೆ, ಬಟ್ಟೆಯ ಬೀರುವಿನಲ್ಲಿಟ್ಟರೆ ಹುಳ ಸುಳಿಯುವುದಿಲ್ಲ, ಪುಡಿ ಮಾಡಿ ಹಚ್ಚಿದರೆ ಮುಖ ಫಳಫಳ ಅನ್ನುತ್ತದೆ. ಈ ವಿದ್ಯೆಯೆಲ್ಲ ಅವನಿಗೆ ಇಳಿದು ಬಂದದ್ದು ಅವನ ಮನೆಯ ಮೇಲಿನ ಮಹಡಿಯಿಂದ. ಅಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಆಂಟಿಯ ಗಂಟಲು ದೊಡ್ಡದು. ಹುಬ್ಬು ತಿದ್ದಿಸಿಕೊಳ್ಳಲು ಬಂದವರಿಗೆ ಅವರು ಹೇಳುವ ಬುದ್ಧಿಮಾತು ಕಿಟಕಿ ದಾಟಿ, ಕೆಳಗೆ ಬೀಗ ಬಿಚ್ಚುತ್ತಾ ಕೂತವನ ಕಿವಿಗೂ ಬೀಳುತ್ತಿತ್ತು. ಬೆಳಗ್ಗೆ ಕೇಳಿಸಿಕೊಂಡದ್ದನ್ನು ಬೀಗದಣ್ಣ ಸಂಜೆ ಒಪ್ಪಿಸುತ್ತಿದ್ದ. ಆಕೆ ಹಣ್ಣು ಕೊಯ್ಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಅಷ್ಟು ಹೊತ್ತು ಅವನ ಮುಖವನ್ನೇ ನೋಡುತ್ತಿದ್ದಳು. ಇನ್ನೂ ಸ್ವಲ್ಪ ಹೊತ್ತು ನೋಡುತ್ತಾಳೆಂದರೆ, ಸಿಪ್ಪೆಯಿಂದ ವಿಮಾನ ಮಾಡಬಹುದು ಎನ್ನಲೂ ಅವನು ತಯಾರಿದ್ದ.

ಅಸಲು ಸಂಗತಿ ಏನೆಂದರೆ, ಅವನು ಒಂದೇ ಒಂದು ಸಿಪ್ಪೆಯನ್ನೂ ಯಾವುದಕ್ಕೂ ಉಪಯೋಗಿಸಿದವನಲ್ಲ. ಸಂಜೆ ಚೀಲದ ಬಾಯಿ ಬಿಚ್ಚಿ ಅಡುಗೆಮನೆಯಲ್ಲಿ ಇಡುತ್ತಿದ್ದ. ಸ್ವಲ್ಪ ಹೊತ್ತಿಗೆಲ್ಲ ಆ ಪರಿಮಳ ಇಡೀ ಮನೆಗೆ ಹರಡುತ್ತಿತ್ತು. ಯಾರೋ ಒಳಗಿದ್ದಾರೆ, ಏನೋ ಕೆಲಸದಲ್ಲಿದ್ದಾರೆ, ಇನ್ನೇನು ಕೈ ಒರೆಸಿಕೊಳ್ಳುತ್ತಾ ಆಚೆ ಬಂದು 'ಊಟಕ್ಕೆ ಏಳಿ' ಅನ್ನುತ್ತಾರೆ ಅನಿಸುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಅವನೇ ಎದ್ದು, ಅವನೇ ಬಡಿಸಿಕೊಂಡು, ಒಬ್ಬನೇ ಉಣ್ಣುತ್ತಿದ್ದ. ಬೆಳಗ್ಗೆ ಕಸದ ಗಾಡಿ ಬಂದಾಗ ಚೀಲವನ್ನು ಒಲ್ಲದ ಮನಸ್ಸಿನಿಂದ ಅದಕ್ಕೆ ಹಾಕುತ್ತಿದ್ದ. ಬೀದಿಯವರೆಲ್ಲ ಜ್ಯೂಸಿನಂಗಡಿಯವಳನ್ನು ಜ್ಯೂಸಕ್ಕ ಎಂದು ಕರೆಯುತ್ತಿದ್ದರು. ಅವನ ಬಾಯಿಗೆ ಮಾತ್ರ ಆ 'ಅಕ್ಕ' ಬರುತ್ತಿರಲಿಲ್ಲ. 'ಇವರೇ' ಎನ್ನುವುದರಲ್ಲೇ ಕಾಲ ತಳ್ಳಿದ್ದ.

ಈಗ ಆಕೆಯೇ ಒಂದು ಮಾತು ಕೇಳುವುದಿದೆ ಎಂದಿದ್ದಾಳೆ. ಏನಿರಬಹುದು? ಅವನು ಹಗಲಿರುಳು ಹಂಬಲಿಸುವ ಮಾತೇ ಆಗಿದ್ದರೆ, ಮುಖ ನಾಲ್ಕು ಜನ ನೋಡುವ ಹಾಗಿರಬೇಕು. ಅದಲ್ಲದೆ, 'ಇಷ್ಟೊಂದು ಸಿಪ್ಪೆ ಏನ್ ಮಾಡ್ತೀರಿ, ಸ್ವಲ್ಪ ತೋರಿಸಿ' ಎಂದರೆ? ಸುಳ್ಳುಗಾರ ಎಂದು ಗೊತ್ತಾದ ಮೇಲೆ ಯಾವ ಮುಖ ಇಟ್ಟುಕೊಂಡು ಪ್ರೀತಿಯ ಮಾತಾಡುವುದು? ಎರಡಕ್ಕೂ ತಯಾರಾಗಿಯೇ ಹೋಗುವುದು ಒಳ್ಳೆಯದು ಎಂದು ತೀರ್ಮಾನಿಸಿದ. ಇಷ್ಟು ತಿಂಗಳು ಹೇಳಿದ ಸುಳ್ಳನ್ನು ಒಂದೇ ದಿನದಲ್ಲಿ ನಿಜ ಮಾಡಿಬಿಡಬೇಕು.

ಬೆಳಗ್ಗೆ ಕಸದ ಗಾಡಿಯ ಹೆಂಗಸು ಬಾಗಿಲಲ್ಲಿ ನಿಂತು, "ಏನಣ್ಣ, ಇವತ್ತು ಸಿಪ್ಪೆ ಇಲ್ವಾ?" ಎಂದಳು.

"ಇಲ್ಲಮ್ಮ. ಇವತ್ತು ಬೇಕು."

ಆಕೆ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಗಾಡಿ ತಳ್ಳಿಕೊಂಡು ಹೋದಳು.

ಅಂಗಡಿಯಲ್ಲಿದ್ದ ಹಿತ್ತಾಳೆ ಬೀಗಗಳನ್ನೆಲ್ಲ ಸಿಪ್ಪೆಯಿಂದ ತಿಕ್ಕಿದ. ನಿಜಕ್ಕೂ ಹೊಳೆದವು. ಆಂಟಿ ಸುಮ್ಮನೆ ಒದರುವವರಲ್ಲ ಎಂದು ಮೊದಲ ಬಾರಿ ಗೌರವ ಮೂಡಿತು. ಶೂಗಳಿಗೆ ಸಿಪ್ಪೆ ತುಂಬಿಸಿಟ್ಟ. ಬೀರುವಿನಲ್ಲಿ ಹರಡಿದ. ಉಳಿದದ್ದು ಮುಖದ ಪುಡಿ. ಸಿಪ್ಪೆ ಹಸಿಯಾಗಿತ್ತು, ಬಿಸಿಲಿನಲ್ಲಿ ಒಣಗಿಸುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಬಾಣಲೆಗೆ ಹಾಕಿ ಒಲೆಯ ಮೇಲಿಟ್ಟ. ಅಷ್ಟರಲ್ಲಿ ಸೂಟ್‌ಕೇಸಿನ ಬೀಗ ತೆಗೆಯಲಾಗದೆ ಪರದಾಡುತ್ತಿದ್ದ ಗಿರಾಕಿಯೊಬ್ಬ ಬಂದ. ಬೀಗ ಕೈಗೆ ಸಿಕ್ಕರೆ ಬೀಗದಣ್ಣನಿಗೆ ಲೋಕವೇ ಮರೆತುಹೋಗುತ್ತದೆ. ಒಲೆಯೂ ಮರೆತುಹೋಯಿತು.

ಹೊಗೆಯನ್ನು ಮೊದಲು ಕಂಡವರು ಎದುರು ಮನೆಯ ಡ್ರೈವರ್ ಮಾಮ. ಬಸ್ಸು ಬಿಟ್ಟು ರಿಟೈರ್ ಆದ ಮೇಲೆ ಅವರು ಜಗಲಿಯ ಮೇಲೆ ಕೂತು ಇಡೀ ಬೀದಿಯನ್ನೇ ನಡೆಸುತ್ತಿದ್ದರು. ಬಕೆಟ್ ಹಿಡಿದು ಓಡಿ ಬಂದವರು ಅರ್ಧ ನೀರನ್ನು ಒಲೆಗೆ ಸುರಿದು, ಉಳಿದರ್ಧವನ್ನು ಏನೂ ಕೇಳದೆ ಬೀಗದಣ್ಣನ ತಲೆಗೆ ಸುರಿದರು.

"ನನಗೇನೂ ಆಗಿಲ್ಲ ಮಾಮ."

"ಆಗಿಲ್ಲ ಅಂತ ನಿಮಗೆ ಹೇಗ್ರೀ ಗೊತ್ತು? ಮೊದಲು ನೀರು, ವಿಚಾರಣೆ ಆಮೇಲೆ."

ಪಾರ್ಲರ್ ಆಂಟಿಯೂ ಇಳಿದು ಬಂದರು. ಬಾಯಲ್ಲಿ ದಾರ ಹಾಗೇ ಇತ್ತು. ಮೇಲೆ ಒಂದು ಹುಬ್ಬು ಮುಗಿದ ಗಿರಾಕಿ ಇನ್ನೊಂದಕ್ಕೆ ಕಾಯುತ್ತಿರಬೇಕು. ಆಂಟಿ ಮೂಗರಳಿಸಿದರು.

"ಕಿತ್ತಳೆ ಸಿಪ್ಪೆ. ಹುರೀತಿದೀರಲ್ರೀ, ಯಾತಕ್ಕೆ?"

ಒದ್ದೆಯಾಗಿ ನಿಂತವನಿಗೆ ಹೊಸ ಸುಳ್ಳು ಹೊಳೆಯಲಿಲ್ಲ. "ಮುಖಕ್ಕೆ" ಎಂದ.

ಆಂಟಿಯ ಕಣ್ಣು ತುಂಬಿ ಬಂದಂತಾಯಿತು. ತಮ್ಮ ಮಾತಿಗೆ ಇಷ್ಟು ಬೆಲೆ ಕೊಟ್ಟ ಗಂಡಸನ್ನು ಅವರು ತಮ್ಮ ಮನೆಯಲ್ಲೂ ಕಂಡಿರಲಿಲ್ಲ. "ನನ್ನ ಕೇಳಬಾರದಾಗಿತ್ತೇ? ಕೂತ್ಕೊಳ್ಳಿ" ಎಂದು ಅವನನ್ನು ಅವನದೇ ಸ್ಟೂಲಿನ ಮೇಲೆ ಕೂರಿಸಿ, ಹಸಿ ಸಿಪ್ಪೆಯನ್ನು ಮೊಸರಿನ ಜೊತೆ ಅರೆದು ತಂದು ಮೆತ್ತತೊಡಗಿದರು. ಅವನು ಬೆಳಗ್ಗೆಯಷ್ಟೇ ಗಡ್ಡ ಹೆರೆದುಕೊಂಡಿದ್ದ. ಮೊದಲ ಪದರ ಕೆನ್ನೆಗೆ ತಾಗಿದಾಗ ಸ್ಟೂಲು ಬಿಟ್ಟು ಮೇಲೆದ್ದ. ಡ್ರೈವರ್ ಮಾಮ ಭುಜ ಹಿಡಿದು ಕೂರಿಸಿದರು.

"ಉರಿತಿದೆ ಆಂಟಿ."

"ಉರಿದ್ರೇನೇ ಕೆಲಸ ಮಾಡ್ತಿದೆ ಅಂತ. ಮಾತಾಡಬೇಡಿ, ಬಿರುಕು ಬಿಡುತ್ತೆ."

ತೊಳೆದ ಮೇಲೆ ಕನ್ನಡಿಯಲ್ಲಿ ಕಂಡ ಮುಖ ಹೊಳೆಯುತ್ತಿತ್ತು, ಸುಳ್ಳಲ್ಲ. ಕೆಂಪಗೆ, ಸಿಗ್ನಲ್ ದೀಪದ ಹಾಗೆ ಹೊಳೆಯುತ್ತಿತ್ತು. ತಲೆಯಿಂದ ಕಾಲಿನವರೆಗೆ ಕಿತ್ತಳೆಯ ವಾಸನೆ. ಆಂಟಿ ದೂರ ನಿಂತು ನೋಡಿ, "ಹತ್ತು ವರ್ಷ ಇಳೀತು" ಎಂದರು. ಡ್ರೈವರ್ ಮಾಮ ತಮ್ಮ ಕೆನ್ನೆ ಸವರಿಕೊಂಡು, "ಈ ಸಿಪ್ಪೆ ಎಲ್ಲಿ ತರ್ತೀರಿ?" ಎಂದು ಕೇಳಿದರು. ಬೀಗದಣ್ಣ ಹೇಳಬಾರದಿತ್ತು. ಹೇಳಿಬಿಟ್ಟ.

ಸಂಜೆ ಅವನು ಸದ್ದಿಲ್ಲದೆ ಹಿಂಬಾಗಿಲಿನಿಂದ ಹೊರಟ. ಓಣಿ ತಿರುಗುವಲ್ಲಿ ಇಬ್ಬರೂ ಒಂದೊಂದು ಖಾಲಿ ಚೀಲ ಹಿಡಿದು ನಿಂತಿದ್ದರು.

"ನೀವ್ಯಾಕೆ ತೊಂದ್ರೆ ತಗೋತೀರಿ? ನಾನೇ ತಂದುಕೊಡ್ತೀನಿ" ಎಂದ.

"ನೀವೊಬ್ರೇ ಎಷ್ಟು ಅಂತ ಹೊರ್ತೀರಿ ಪಾಪ" ಎಂದರು ಆಂಟಿ. "ಅಕ್ಕಪಕ್ಕದವರು ಅಂತ ಯಾತಕ್ಕೆ ಇರೋದು?"

"ಒಂದು ಸ್ವಂತ ಮಾತಿತ್ತು. ನಾನೊಬ್ಬನೇ ಹೋಗಬೇಕಿತ್ತು."

"ಸ್ವಂತ ಮಾತು ಅಂದ್ಮೇಲೆ ನಾವು ಬರಲೇಬೇಕು" ಎಂದು ಡ್ರೈವರ್ ಮಾಮ ಮುಂದೆ ನಡೆದರು.

ಜ್ಯೂಸಿನಂಗಡಿ ಅಂದು ಬೇರೆ ಥರ ಕಂಡಿತು. ಗಿರಾಕಿಗಳಿರಲಿಲ್ಲ. ಕಟ್ಟೆ ಒರೆಸಿತ್ತು. ಆಕೆ ದಿನಾ ಕಟ್ಟುವ ಏಪ್ರನ್ ಇರಲಿಲ್ಲ, ಇಸ್ತ್ರಿ ಮಾಡಿದ ಸೀರೆಯಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಯಾವತ್ತೂ ಯಾರಿಗೂ ಕೂರಲು ಏನೂ ಇಡದ ಆ ಅಂಗಡಿಯ ಮುಂದೆ ಒಂದೇ ಒಂದು ಕುರ್ಚಿ ಇತ್ತು. ಅದು ಯಾರಿಗಾಗಿ ಇಟ್ಟದ್ದು ಎಂದು ಬೀಗದಣ್ಣನಿಗೆ ನೋಡಿದ ಕೂಡಲೇ ಹೊಳೆಯಿತು. ಎದೆ ತುಂಬಿಬಂತು. ಇಷ್ಟು ವರ್ಷಗಳಲ್ಲಿ ಅವನು ಬರುತ್ತಾನೆಂದು ಯಾರೂ ಕುರ್ಚಿ ಹಾಕಿ ಕಾದಿರಲಿಲ್ಲ.

ಅದರ ಮೇಲೆ ಡ್ರೈವರ್ ಮಾಮ ಕೂತರು. "ಅಬ್ಬ, ಕಾಲು ನೋವು" ಎಂದರು.

ಆಕೆ ಮೂವರನ್ನೂ ನೋಡಿ ಸ್ವಲ್ಪ ಹಿಂಜರಿದಳು. "ಪರವಾಗಿಲ್ಲ ಬಿಡಿ, ಇನ್ನೊಂದು ದಿನ ಕೇಳ್ತೀನಿ."

"ಅದೇನು ಕೇಳಿಬಿಡಮ್ಮ. ನಾವೇನು ಹೊರಗಿನವರಾ?" ಎಂದರು ಮಾಮ.

ಇನ್ನೊಂದು ದಿನಕ್ಕೆ ಧೈರ್ಯ ಇರುತ್ತದೋ ಇಲ್ಲವೋ ಎಂದು ಆಕೆಗೂ ಅನಿಸಿರಬೇಕು. ಬೀಗದಣ್ಣನ ಕಡೆಗಷ್ಟೇ ತಿರುಗಿ, ದನಿ ತಗ್ಗಿಸಿ ಹೇಳಿದಳು. "ಕಸದ ಗಾಡಿಯವಳು ದಿನಾ ಇಲ್ಲಿಗೆ ನೀರು ಕುಡಿಯೋಕೆ ಬರ್ತಾಳೆ. ನಾನು ಕೊಟ್ಟ ಸಿಪ್ಪೆ ಎಲ್ಲ ಮಾರನೇ ದಿನ ಅವಳ ಗಾಡಿಗೇ ಬೀಳುತ್ತಂತೆ. ನಿಮಗೆ ಸಿಪ್ಪೆ ಬೇಡ ಅಂದ್ಮೇಲೆ... ದಿನಾ ಇಷ್ಟು ದೂರ ಯಾಕೆ ಬರ್ತೀರಿ ಅಂತ ಕೇಳಬೇಕಿತ್ತು."

ಅವಳ ಮುಖದಲ್ಲಿ ಕೋಪದ ಸುಳಿವೂ ಇರಲಿಲ್ಲ. ತುಟಿಯಂಚಿನಲ್ಲಿ ನಗು ಇತ್ತು. ಉತ್ತರ ಗೊತ್ತಿದ್ದು, ಅವನ ಬಾಯಿಂದಲೇ ಕೇಳಬೇಕೆಂದು ನಿಂತ ನಗು. ಅವನು ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದರೂ ಸಾಕಾಗಿತ್ತು. ಮೌನವೇ ಎಲ್ಲವನ್ನೂ ಹೇಳಿಬಿಡುತ್ತಿತ್ತು.

"ಯಾರ್ರೀ ಹಾಗಂದಿದ್ದು?" ಪಾರ್ಲರ್ ಆಂಟಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. "ಇವರು ಸಿಪ್ಪೆ ಬಿಸಾಡ್ತಾರಾ? ಈ ಮುಖ ನೋಡಿ. ನನ್ನ ಕೈಯಾರೆ ಹಚ್ಚಿದೀನಿ."

"ಬೆಳಗ್ಗೆ ಮನೆ ಸುಟ್ಟುಹೋಗೋದ್ರಲ್ಲಿತ್ತು, ಸಿಪ್ಪೆ ಹುರಿಯೋಕೆ ಹೋಗಿ" ಎಂದರು ಮಾಮ. "ಅಂಗಡೀಲಿ ಬೀಗ ಎಲ್ಲ ಕನ್ನಡಿ ಆಗಿದೆ. ನಂಬಿಕೆ ಇಲ್ವಾ? ರೀ, ಶೂ ತೆಗೀರಿ. ತೆಗೀರಿ ಅಂದೆ."

ತೆಗೆಯುವವರೆಗೆ ಅವರು ಕಾಯಲಿಲ್ಲ. ಬಗ್ಗಿ, ಕುರ್ಚಿಯಲ್ಲಿ ಕೂತಲ್ಲಿಂದಲೇ ಒಂದು ಶೂ ಎಳೆದು ಆಕೆಯ ಮುಂದೆ ಹಿಡಿದರು. ಒಳಗಿನಿಂದ ಕಿತ್ತಳೆಯ ಪರಿಮಳ ಘಮ್ಮೆಂದು ಎದ್ದಿತು. ಆಕೆ ಶೂ ನೋಡಿದಳು. ಅವನ ಕೆಂಪು ಮುಖ ನೋಡಿದಳು. ತುಟಿಯಂಚಿನ ನಗು ನಿಧಾನಕ್ಕೆ ಇಳಿದುಹೋಯಿತು.

"ಹಂಗಾದ್ರೆ ಸಿಪ್ಪೆಗೇ ಬರ್ತಿದ್ದಿದ್ದು" ಎಂದಳು. "ಕಸದ ಗಾಡಿಯವಳು ಯಾರನ್ನೋ ನೋಡಿ ಯಾರೋ ಅಂದ್ಕೊಂಡಿರಬೇಕು. ನಾನೂ ಏನೇನೋ ಅಂದ್ಕೊಂಡುಬಿಟ್ಟೆ. ತಪ್ಪು ತಿಳ್ಕೋಬೇಡಿ."

"ಅಲ್ಲ, ಇವರೇ..." ಎಂದ ಬೀಗದಣ್ಣ.

"ಸಂಕೋಚ ಇವರಿಗೆ" ಎಂದರು ಆಂಟಿ. "ಗಂಡಸರು ಮುಖಕ್ಕೆ ಹಚ್ಕೋತೀನಿ ಅಂತ ಬಾಯಿಬಿಟ್ಟು ಹೇಳ್ತಾರಾ?"

ಆಕೆ ಬೆನ್ನು ತಿರುಗಿಸಿ, ಯಾರೂ ಕೇಳದಿದ್ದರೂ ಮೂರು ಲೋಟ ಜ್ಯೂಸಿಗೆ ಮಿಕ್ಸಿ ಹಾಕಿದಳು. ಆ ಸದ್ದಿನಲ್ಲಿ, ಒಂದೇ ಶೂ ಹಾಕಿಕೊಂಡು ನಿಂತ ಬೀಗದಣ್ಣ ಜನ್ಮದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟ. "ನಿಮ್ಮನ್ನ ನೋಡೋಕೇ ಬರ್ತಿದ್ದೆ. ಸಿಪ್ಪೆ ಬರೀ ನೆಪ" ಎಂದ. ಅವನ ಕಿವಿಗೇ ಅದು ಕೇಳಿಸಲಿಲ್ಲ.

ಮಿಕ್ಸಿ ನಿಂತಿತು.

"ಏನೋ ಅಂದ್ರಿ?" ಎಂದು ಆಕೆ ತಿರುಗಿದಳು.

ಮೂರು ಜೋಡಿ ಕಣ್ಣು ಅವನ ಮೇಲಿದ್ದವು. ಗಂಟಲಿನ ಹಳೆಯ ಬೀಗ ಮತ್ತೆ ಬಿದ್ದುಕೊಂಡಿತು.

"ನಿಂಬೆ ಸಿಪ್ಪೆಯಿದ್ರೆ... ಅದನ್ನೂ ಹಾಕಿ" ಎಂದ.

ಆಕೆ ಹಾಕಿದಳು. ಮೂರು ಚೀಲಗಳನ್ನೂ ತುಂಬಿಸಿ, ಬಾಯಿ ಕಟ್ಟಿ, ಕಟ್ಟೆಯ ಮೇಲಿಟ್ಟಳು. "ಆಂಟಿ ಹೇಗೂ ಸಂಜೆ ಈ ಕಡೆ ತರಕಾರಿಗೆ ಬರ್ತಾರೆ. ನಾಳೆಯಿಂದ ಅವರ ಕೈಲೇ ಕಳಿಸ್ತೀನಿ ಅಣ್ಣ. ನೀವು ಅಷ್ಟು ದೂರದಿಂದ ಯಾಕೆ ನಡೀತೀರಿ?"

ಊರಿಗೆ ಊರೇ ಅಣ್ಣ ಎಂದು ಕರೆದಾಗ ಏನೂ ಆಗಿರಲಿಲ್ಲ. ಈಗ ಆಕೆಯ ಬಾಯಲ್ಲಿ ಅದನ್ನು ಕೇಳಿ ಮುಖದ ಉರಿಯೂ ಮರೆತುಹೋಯಿತು.

ವಾಪಸು ಬರುವಾಗ ಆಂಟಿ ನಾಳೆಯ ಗಿರಾಕಿಗಳ ಬಗ್ಗೆ ಮಾತಾಡುತ್ತಿದ್ದರು. ಬೀಗದಣ್ಣ ಮೂರು ಚೀಲಗಳನ್ನೂ ಹೊತ್ತು ಹಿಂದೆ ನಡೆಯುತ್ತಿದ್ದ. ಡ್ರೈವರ್ ಮಾಮ ನಿಂತು, ಅವನು ಹತ್ತಿರ ಬಂದ ಮೇಲೆ ಹೆಗಲ ಮೇಲೆ ಕೈಯಿಟ್ಟರು.

"ನೋಡಿದ್ರಾ, ಸ್ವಲ್ಪದರಲ್ಲಿ ನಿಮ್ಮನ್ನ ಸುಳ್ಳುಗಾರ ಮಾಡಿಬಿಡ್ತಿದ್ರು. ನಾವು ಜೊತೇಲಿ ಬರದೇ ಇದ್ದಿದ್ರೆ ಇವತ್ತು ಏನಾಗಿರೋದು ಅಂತ ಒಂಚೂರು ಯೋಚನೆ ಮಾಡಿ."

ಬೀಗದಣ್ಣ ಅದನ್ನೇ ಯೋಚನೆ ಮಾಡುತ್ತಿದ್ದ.