ಎಡ ಕಾರ್ಬ್ಯುರೇಟರ್ ಅವರ ಘನ ಸನ್ನಿಧಾನಕ್ಕೆ

ತ್ರಿಪ್ಲಿಕೇನ್, ಚೆನ್ನೈ
ಗುರುವಾರ ಸಂಜೆ

ಮಾನ್ಯ ಎಡ ಕಾರ್ಬ್ಯುರೇಟರ್ ಅವರೇ,
(ಪ್ರತಿ: ಮಾನ್ಯ ಬಲ ಕಾರ್ಬ್ಯುರೇಟರ್ ಅವರ ಅವಗಾಹನೆಗೆ)

ನಮ್ಮ ಮನೆಯ ಮೆಟ್ಟಿಲ ಕೆಳಗೆ ಹಳೆಯ ಬೈಕಿನ ಸಮೇತ ಬಿಜಯಂಗೈದು, ಅದರ ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಉಣಿಸುತ್ತಿರುವ ತಮಗೆ ಸಾಷ್ಟಾಂಗ ನಮಸ್ಕಾರಗಳು. ಇದು ಬಾಯುಪಚಾರದ ಮಾತಲ್ಲ. ಐದು ವಾರಗಳಿಂದ ತಮ್ಮ ಮುಂದೆ ಹೊಟ್ಟೆ ನೆಲಕ್ಕೆ ತಾಗಿಸಿ ಮಲಗಿಯೇ ಇದ್ದೇನೆ. ಉಭಯ ಕುಶಲೋಪರಿ ಎಂದು ಬರೆಯೋಣವೆಂದರೆ, ತಮ್ಮಿಬ್ಬರಲ್ಲಿ ಕುಶಲವಾಗಿದ್ದವರು ಬಲಗಡೆಯವರು ಮಾತ್ರ.

ನಾನು, ಕಮಲಾಕರ, ಇಪ್ಪತ್ತೆರಡು ವರ್ಷಗಳಿಂದ ಇಲ್ಲಿನ ಗಿಂಡಿ ಬಡಾವಣೆಯ ಒಂದು ಪಂಪು ಕಾರ್ಖಾನೆಯಲ್ಲಿ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವ ಅಧಿಕಾರಿಯಾಗಿದ್ದೇನೆ. ಆದ್ದರಿಂದಲೇ, ಎಂಜಿನ್ ಬಿಚ್ಚಿ ಹೊಸ ಪಿಸ್ಟನ್ ಕೂರಿಸಿ ಕಟ್ಟಿಕೊಟ್ಟ ಮೆಕ್ಯಾನಿಕ್ ಭೋಜರಾಜ ತಮ್ಮಿಬ್ಬರನ್ನು ಸಮ ಮಾಡುವ ಟ್ಯೂನಿಂಗಿಗೂ ಕೈ ಹಾಕಲು ಬಂದು, "ವಿಟ್ಟುಡುಂಗ ಸಾರ್, ನಾನೇ ಪಾತ್ತುಕ್ಕರೇನ್" ಎಂದು, ಬಿಟ್ಟುಬಿಡಿ, ತಾನೇ ನೋಡಿಕೊಳ್ಳುತ್ತೇನೆಂದು ಎಷ್ಟು ಬೇಡಿಕೊಂಡರೂ, ಇದು ಕೈಯ ಕೆಲಸವಲ್ಲ, ಕಿವಿಯ ಕೆಲಸ ಎಂದು ಅವನಿಗೆ ಉಪದೇಶ ಮಾಡಿ ಬೈಕನ್ನು ಮನೆಗೆ ತಳ್ಳಿಕೊಂಡು ಬಂದೆ. ಅಡುಗೆಮನೆಯ ಕುಕ್ಕರ್ ಐದು ಸಲ ಕೂಗಿದರೂ ಆ ಕಿವಿಗೆ ಕೇಳಿಸುವುದಿಲ್ಲವೆಂಬುದು ನನ್ನ ಧರ್ಮಪತ್ನಿ ಹರಿಪ್ರಿಯಾಳ ಹಳೆಯ ದೂರು.

ತಾವು ನನಗೆ ತೋರಿದ ಔದಾರ್ಯವನ್ನು ಹೇಗೆ ಬಣ್ಣಿಸಲಿ? ತಮ್ಮ ಸ್ಕ್ರೂವನ್ನು ಕಾಲು ಸುತ್ತು ಬಲಕ್ಕೆ ತಿರುಗಿಸಿದರೆ ಕಪ್ಪು ಹೊಗೆ ಕೊಟ್ಟಿರಿ. ಎಡಕ್ಕೆ ತಿರುಗಿಸಿದರೆ ಇನ್ನಷ್ಟು ಕೊಟ್ಟಿರಿ. ಪ್ಲಗ್ ತೆಗೆದು ನೋಡಿದರೆ ಕಣ್ಣಿಗೆ ಹಚ್ಚಿಕೊಳ್ಳುವಷ್ಟು ಕಾಡಿಗೆ. ಓಡುವಾಗ ಹೇಗೋ ಓಡಿ, ಗಿಂಡಿಯ ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಎಂಜಿನ್ನನ್ನು ಆರಿಸಿದಿರಿ. ಹಿಂದಿನ ಬಸ್ಸಿನ ಚಾಲಕರಿಂದ, ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ನಮ್ಮ ಮನೆತನದ ಯಾರೂ ಕೇಳಿರದ ತಮಿಳು ಪದಗಳನ್ನು ಕಲಿಸಿದಿರಿ. ನಾನು ಪೆಟ್ರೋಲನ್ನು ಬೈದೆ, ಕಡಲ ಗಾಳಿಯನ್ನು ಬೈದೆ, ಪಾಪ, ಭೋಜರಾಜನನ್ನೂ ಬೈದೆ.

ಕೊನೆಗೆ ಹರಿಪ್ರಿಯಾ ಅಪ್ಪಣೆ ಕೊಡಿಸಿದಳು: ಶುಕ್ರವಾರದೊಳಗೆ ಸರಿಹೋಗದಿದ್ದರೆ ಬೈಕು ಪಲ್ಲಾವರಂನ ಹಳೆ ಸಾಮಾನಿನ ಸಂತೆಗೆ. ಮದುವೆಯಾದ ಹೊಸತರಲ್ಲಿ ಭಾನುವಾರ ಸಂಜೆ ಮರೀನಾ ದಾರಿಯಲ್ಲಿ ನನ್ನ ಭುಜ ಹಿಡಿದು ಆಕೆ ನಗುತ್ತಿದ್ದದ್ದು ಇದೇ ಬೈಕಿನ ಮೇಲೆ. ಸಂತೆಯಲ್ಲಿ ಯಾರೋ ಇದನ್ನು ಬಿಡಿಬಿಡಿಯಾಗಿ ಕೊಂಡೊಯ್ಯುವುದನ್ನು ನೆನೆದು ನನಗೆ ನಿಜವಾಗಿಯೂ ಅಳು ಬಂತು.

ಈಗ ಇಂದು ಮಧ್ಯಾಹ್ನದ ಸಂಗತಿ. ಮಾರುವ ವಸ್ತುವನ್ನಾದರೂ ಒರೆಸಿ ಕೊಡಬೇಕೆಂದು ಒದ್ದೆ ಬಟ್ಟೆ ಹಿಡಿದು ಕುಳಿತ ಹರಿಪ್ರಿಯಾ, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ತಮ್ಮ ಬಾಯೊಳಗಿನ ಸಾಸಿವೆಯಷ್ಟು ಸಣ್ಣ ರಂಧ್ರವನ್ನು ಕೆದಕಿದಳು. ಹಳದಿ ಮಣ್ಣು ಉದುರಿತು. "ಏನ್ರೀ, ಮೂಗೊಳಗೆಲ್ಲ ಗೋಪಿಚಂದನ ಮೆತ್ತಿದ್ರೆ ಇದು ಉಸಿರಾಡೋದು ಹೇಗೆ?" ಎಂದು ಕೇಳಿದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರಿಸುವ ಮಗಳು ರಚನಾ, "ಪಾವಂಪ್ಪಾ ಅದು" ಎಂದು ತಮ್ಮ ಮೇಲೆ ಮರುಕಪಟ್ಟಳು. ನನ್ನ ಮೇಲೆ ಯಾರೂ ಪಡಲಿಲ್ಲ.

ಒಪ್ಪಿಕೊಳ್ಳುತ್ತೇನೆ. ಟ್ಯೂನಿಂಗಿಗೆ ಅನುಕೂಲವಾಗಲೆಂದು ಏರ್ ಫಿಲ್ಟರ್ ತೆಗೆದಿಟ್ಟು, ದಿನವೂ ಸಂಧ್ಯಾವಂದನೆ ಮುಗಿಸಿ, ಅಂಗೈಯಲ್ಲಿ ಉಳಿದ ಗೋಪಿಚಂದನದಲ್ಲಿ ಬಲಗಡೆಯವರಿಗೆ ಚಕ್ರ, ತಮಗೆ ಶಂಖ ಎಂದು ತೆರೆದ ಬಾಯಿಯ ಅಂಚಿಗೆ ಮುದ್ರೆ ಒತ್ತಿಯೇ ಸ್ಕ್ರೂಡ್ರೈವರ್ ಮುಟ್ಟುತ್ತಿದ್ದೆ. ತಾವು ಹೊಗೆ ಹೆಚ್ಚಿಸಿದಂತೆಲ್ಲ ನಾನು ಭಕ್ತಿ ಹೆಚ್ಚಿಸಿದೆ; ಕನಿಕರದಿಂದ ತಮಗೆ ಮಾತ್ರ ಎರಡೆರಡು ಶಂಖ. ಅದು ಒಣಗಿ ಒಳಗೆ ಉದುರಿ ತಮ್ಮ ಗಾಳಿಯ ದಾರಿ ಮುಚ್ಚಿಹೋಯಿತು. ಹರಿಪ್ರಿಯಾ ಕರೆಸಿದ ಭೋಜರಾಜ ತಮ್ಮನ್ನು ತೊಳೆದು, ಇಬ್ಬರನ್ನೂ ಹತ್ತೇ ನಿಮಿಷದಲ್ಲಿ ಸಮ ಮಾಡಿದ. ತಪ್ಪು ಹುಡುಕುವ ಅಧಿಕಾರಿಗಳು ಟಾರ್ಚ್ ಹಿಡಿದುಕೊಂಡಿದ್ದರು.

ಆದರೂ ನಾಳೆ ಸಂತೆಗೆ ಹೋಗುವುದು ಹೋಗುವುದೇ ಎಂದಿದ್ದಾಳೆ. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ದೋಷಕ್ಕೆ ಬಂಗಾಳ ಕೊಲ್ಲಿಯ ಉಪ್ಪು ಗಾಳಿಯೇ ಕಾರಣವೆಂದು ತಾವಿಬ್ಬರೂ ಸಹಿ ಮಾಡಿ ಒಂದು ಹೇಳಿಕೆಯನ್ನು ಹರಿಪ್ರಿಯಾಳಿಗೆ ಸಲ್ಲಿಸಬೇಕು, ಭೋಜರಾಜನ ನೆನಪಿನಿಂದ ಈ ಐದು ವಾರಗಳನ್ನು ಅಳಿಸಬೇಕು, ಇವೆರಡೂ ಆಗದಿದ್ದರೆ, ಯಾರು ಕೊಳ್ಳಲು ಬಂದರೂ ದಯವಿಟ್ಟು ಹಿಂದಿನಂತೆಯೇ ಕೆಮ್ಮಬೇಕು.

ಉಸಿರು ಕಟ್ಟಿಸಿಯೂ ತಮ್ಮ ವಿಶ್ವಾಸಿಯೇ ಆಗಿರುವ,
ಕಮಲಾಕರ

ತಾ.ಕ.: ಶುಕ್ರವಾರ ಸಂತೆಗೆ ಹೋಗಿಬಂದೆವು. ದಾರಿಯುದ್ದಕ್ಕೂ ತಾವು ಒಂದು ಸಿಗ್ನಲ್ಲಿನಲ್ಲೂ ಆರಲಿಲ್ಲ, ಹರಿಪ್ರಿಯಾ ಎಷ್ಟೋ ವರ್ಷಗಳ ಮೇಲೆ ನನ್ನ ಭುಜ ಹಿಡಿದು ನಕ್ಕಳು. ಆಕೆಯ ತೊಡೆಯ ಮೇಲಿದ್ದ ಚೀಲದಲ್ಲಿ ನನ್ನ ಸ್ಕ್ರೂಡ್ರೈವರುಗಳೂ ಸ್ಪ್ಯಾನರುಗಳೂ ಇದ್ದವೆಂದು ತಿಳಿದದ್ದು ಪಲ್ಲಾವರಂ ತಲುಪಿದ ಮೇಲೆ. ಬೈಕು ಮನೆಗೆ ಬಂತು, ಅವು ಬರಲಿಲ್ಲ. ಬರುವಾಗ ತಾವಿಬ್ಬರೂ ಹೋಗುವಾಗಿನದಕ್ಕಿಂತ ಹೆಚ್ಚು ಉಲ್ಲಾಸದಿಂದ ಹಾಡುತ್ತಿದ್ದುದನ್ನು ನಾನು ಗಮನಿಸಿಲ್ಲವೆಂದು ತಿಳಿಯಬೇಡಿ.